ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿದ್ದ ಹೆಸರು

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ನಾನೂ ನನ್ನ ವಾರಗಿತ್ತಿಯೂ ಸೇರಿ ಕಾಫಿ ಪುಡಿ ಮಾಡಿ ಮಾರುತ್ತೇವೆ. ಜತೆಗೆ ಸ್ವಲ್ಪ ಜೇನು, ಕರಿಮೆಣಸು, ಮಳೆಗಾಲದಲ್ಲಿ ಕಾಚಂಪುಳಿ, ಅಂದರೆ ನಮ್ಮ ಕಡೆಯ ವಿನೆಗರ್. ವಾರಗಿತ್ತಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. 2017ರ ಹುತ್ತರಿ ಹೊತ್ತಿಗೆ ಶುರು ಮಾಡಿದ್ದು. ಮೊದಲು ನೆಂಟರಿಗೆ ಕೊಟ್ಟೆವು. ಆಮೇಲೆ ಹೋಂಸ್ಟೇಗಳು ಕೇಳಿದವು. ಆಮೇಲೆ ಕುಶಾಲನಗರ, ಮೈಸೂರಿನ ಅಂಗಡಿಗಳು. ಹುರಿಯುವ ಹದ ಅಕ್ಕನದ್ದು. ಬಿಲ್ಲು, ಲೆಕ್ಕ, ಗಿರಾಕಿಗಳ ಫೋನು ನನ್ನದು.

ಈ ಸಣ್ಣ ವ್ಯಾಪಾರಕ್ಕೆ ಸರಿಯಾದ ಕಾಗದ ಮಾಡಿಸಲು ಹೋಗಿ ಎರಡು ವರ್ಷದಲ್ಲಿ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲೇ ಚಾಕೊಲೇಟ್, ಜೇನು, ಉಪ್ಪಿನಕಾಯಿ, ಮಸಾಲೆ ಮಾಡಿ ಮಾರುವ ಹೆಂಗಸರು ತುಂಬ ಜನ ಇದ್ದಾರೆ. ನಮಗೆ ಆಗ ಯಾರೂ ಹೇಳದೇ ಇದ್ದದ್ದು ಅವರಿಗೆ ಮೊದಲೇ ಗೊತ್ತಾಗಲಿ ಅಂತ ಆಸೆ. ನಮ್ಮ ಬ್ರಾಂಡ್ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಜಾಹೀರಾತು ಆಗಿಬಿಡುತ್ತದೆ.

ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಮ್ಮ ವ್ಯಾಪಾರ ನನ್ನೊಬ್ಬಳ ಹೆಸರಲ್ಲೇ ನಡೆಯಿತು. ಆಹಾರ ಪದಾರ್ಥ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನು ವರ್ಷಕ್ಕೆ 100 ರೂಪಾಯಿ ಕಟ್ಟಿ ನನ್ನ ಹೆಸರಲ್ಲಿ ಮಾಡಿಸಿದ್ದೆ. ವಾರ್ಷಿಕ ವಹಿವಾಟು 12 ಲಕ್ಷದ ಒಳಗಿದ್ದರೆ ಆ ನೋಂದಣಿ ಸಾಕಿತ್ತು. ಬ್ಯಾಂಕ್ ಖಾತೆಯೂ ನನ್ನದೇ. ಬಂದ ಹಣ ಇಬ್ಬರಿಗೂ ಸಮ. ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಒಂದೇ ಮನೆಯ ಸೊಸೆಯಂದಿರು, ಬರೆಯುವುದೇನಿದೆ ಅಂದುಕೊಂಡಿದ್ದೆವು.

2021ರ ಕೊನೆಯಲ್ಲಿ ಚೆನ್ನೈನ ಒಬ್ಬ ವ್ಯಾಪಾರಿ ತಿಂಗಳಿಗೆ ಇಷ್ಟು ಕಿಲೋ ಬೇಕು ಅಂತ ಕೇಳಿದರು. ಜಿಎಸ್‌ಟಿ ಬಿಲ್ ಬೇಕು, ಸಂಸ್ಥೆಯ ಹೆಸರಲ್ಲಿ ಕರಾರು ಬೇಕು ಅಂದರು. ನಾವಿನ್ನೂ ಜಿಎಸ್‌ಟಿ ಮಾಡಿಸಿರಲಿಲ್ಲ. ವಹಿವಾಟು 40 ಲಕ್ಷ ದಾಟುವ ತನಕ ಬೇಡ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆವು. ಅದು ಕರ್ನಾಟಕದ ಒಳಗೆ ಮಾತ್ರ ಮಾಲು ಮಾರುವವರ ಮಾತು. ಬೇರೆ ರಾಜ್ಯಕ್ಕೆ ಮಾಲು ಮಾರಬೇಕಾದರೆ ಮೊದಲ ಬಿಲ್ಲಿಗೂ ಜಿಎಸ್‌ಟಿ ನೋಂದಣಿ ಬೇಕು ಅಂತ ಆಗಲೇ ಗೊತ್ತಾಗಿದ್ದು.

ಕುಶಾಲನಗರದಲ್ಲಿ ನಮ್ಮವರಿಗೆ ಪರಿಚಯದ ಒಬ್ಬ ಸಿಎ ಇದ್ದಾರೆ. ಅವರ ಹತ್ತಿರ ಹೋದೆವು. ನಾನು ಹೋದ ತಕ್ಷಣ "ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡ್ಬೇಕು ಸರ್" ಅಂದೆ. ಹಾಗಂದರೆ ದೊಡ್ಡದು ಅನ್ನುವ ಭಾವನೆ ಇತ್ತು. ಅವರು ಪೆನ್ನು ಕೆಳಗಿಟ್ಟು ಕೇಳಿದರು: "ಸಾಲ ಆದ್ರೆ ಯಾರ ತಲೆ ಮೇಲೆ ಬರ್ಬೇಕು? ಹೊರಗಿನವರಿಂದ ಬಂಡವಾಳ ತಗೋತೀರಾ? ವರ್ಷ ವರ್ಷ ಕಾಗದ ತುಂಬೋರು ಯಾರು?"

ಆ ಮೂರು ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ಗಂಟೆ ಕೂತೆವು. ಒಬ್ಬರ ಹೆಸರಲ್ಲಿ ವ್ಯಾಪಾರ ಇದ್ದರೆ ಸಾಲವೂ ಆ ಒಬ್ಬರದ್ದೇ. ವ್ಯಾಪಾರದ ಸಾಲಕ್ಕೆ ಸ್ವಂತ ಆಸ್ತಿಯನ್ನೂ ಕೇಳಬಹುದು. ಸಾಮಾನ್ಯ ಪಾಲುದಾರಿಕೆಯಲ್ಲೂ ಹಾಗೆಯೇ. ಒಬ್ಬ ಪಾಲುದಾರ ಮಾಡಿದ ಸಾಲಕ್ಕೆ ಇನ್ನೊಬ್ಬರ ಆಸ್ತಿಯೂ ಹೊಣೆ. ಅದು 1932ರ ಕಾಯ್ದೆ. ಆ ಪಾಲುದಾರಿಕೆಯನ್ನು ನೋಂದಣಿ ಮಾಡಿಸದೇ ಇದ್ದರೆ, ದುಡ್ಡು ಕೊಡದ ಅಂಗಡಿಯವನ ಮೇಲೆ ಸಂಸ್ಥೆಯ ಹೆಸರಲ್ಲಿ ದಾವೆ ಹಾಕಲೂ ಆಗುವುದಿಲ್ಲ. ಪ್ರೈವೇಟ್ ಲಿಮಿಟೆಡ್‌ನಲ್ಲಿ ಹೊಣೆ ನಾವು ಹಾಕಿದ ಹಣದಷ್ಟೇ. ಆದರೆ ವಹಿವಾಟು ಎಷ್ಟೇ ಸಣ್ಣದಿರಲಿ, ಪ್ರತಿ ವರ್ಷ ಲೆಕ್ಕಪರಿಶೋಧನೆ ಮಾಡಿಸಲೇಬೇಕು. ಎಲ್‌ಎಲ್‌ಪಿ ಅಂತ ಒಂದಿದೆ, ಸೀಮಿತ ಹೊಣೆಯ ಪಾಲುದಾರಿಕೆ. 2008ರ ಕಾಯ್ದೆ. ಅದರಲ್ಲೂ ಹೊಣೆ ಸೀಮಿತ. ವಹಿವಾಟು 40 ಲಕ್ಷ ದಾಟದೇ, ಪಾಲುದಾರರು ಹಾಕಿದ ಬಂಡವಾಳ 25 ಲಕ್ಷ ದಾಟದೇ ಇದ್ದರೆ ಆ ಕಾಯ್ದೆಯ ಪ್ರಕಾರ ಲೆಕ್ಕಪರಿಶೋಧನೆ ಕಡ್ಡಾಯ ಇಲ್ಲ.

ಒಂದು ವಿಷಯವನ್ನು ಅವರು ಎರಡು ಸಲ ಹೇಳಿದರು. ಎಲ್‌ಎಲ್‌ಪಿ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇಕಡಾ 30 ಆದಾಯ ತೆರಿಗೆ. ಒಬ್ಬರ ಹೆಸರಲ್ಲಿದ್ದರೆ ಸಿಗುವ ಹಂತ ಹಂತದ ರಿಯಾಯಿತಿ ಅದಕ್ಕಿಲ್ಲ. ಪಾಲುದಾರರು ಮಿತಿಯೊಳಗೆ ಸಂಬಳ ತೆಗೆದುಕೊಂಡರೆ ಅದು ಲಾಭದಲ್ಲಿ ಕಳೆಯುತ್ತದೆ, ಆದರೆ ಅದನ್ನು ಒಪ್ಪಂದದಲ್ಲಿ ಬರೆದಿರಬೇಕು. ಇದನ್ನು ಕೇಳಿಯೂ ನಾವು ಎಲ್‌ಎಲ್‌ಪಿಯನ್ನೇ ಆರಿಸಿದೆವು. ಕಾರಣ ಒಂದೇ. ನಮ್ಮದು ಕೂಡುಕುಟುಂಬದ ತೋಟ. ನಮ್ಮಿಬ್ಬರ ಪುಡಿ ವ್ಯಾಪಾರದ ಸಾಲ ಮಾವನವರ ತೋಟದ ಗೇಟಿನ ತನಕ ಬರಬಾರದು. ಆಗ ನನಗೆ ಇದ್ದ ಭಯ ಅದೊಂದೇ. ಈಗಲೂ ಆ ಆಯ್ಕೆ ಸರಿ ಅಂತಲೇ ಅನ್ನಿಸುತ್ತದೆ.

ಸಿಎ ದಾರಿ ತೋರಿಸಿದರು. ಆದರೆ ಅರ್ಜಿ ಹಾಕುವ ಕೆಲಸವನ್ನು ನಾವು ಬೇರೆಯವರಿಗೆ ಕೊಟ್ಟೆವು. ದೂರದ ಊರಿನ ಒಂದು ಏಜೆನ್ಸಿ ಎಲ್ಲ ಸೇರಿ ಕಡಿಮೆ ದುಡ್ಡಿಗೆ ಮಾಡಿಕೊಡುತ್ತೇವೆ ಅಂದಿತ್ತು. ಆ ತಪ್ಪಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲ ತೊಡಕು ವಿಳಾಸದ್ದು. ಸಂಸ್ಥೆಗೆ ನೋಂದಾಯಿತ ಕಚೇರಿ ಅಂತ ಒಂದು ವಿಳಾಸ ಬೇಕು. ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಅಥವಾ ಅಂಥದ್ದೇ ಒಂದು ಬಿಲ್, ಜತೆಗೆ ಜಾಗದ ಮಾಲೀಕರ ಒಪ್ಪಿಗೆ ಪತ್ರ. ಓದಿದರೆ ಸುಲಭ. ಆದರೆ ಕೊಡಗಿನ ಮನೆಗಳ ಕಥೆ ನಮಗೆ ಗೊತ್ತಲ್ವಾ? ನಮ್ಮ ಕರೆಂಟ್ ಬಿಲ್ ಇನ್ನೂ ಮಾವನವರ ತಂದೆಯ ಹೆಸರಲ್ಲಿದೆ. ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಜಾಗದ ಆರ್‌ಟಿಸಿಯಲ್ಲಿ ಪಟ್ಟೆದಾರರ ಹೆಸರು, ಅದರ ಕೆಳಗೆ ಹತ್ತಾರು ಹಕ್ಕುದಾರರು. ಒಬ್ಬರು ಬೆಂಗಳೂರಲ್ಲಿ, ಒಬ್ಬರು ದುಬೈಯಲ್ಲಿ. ಒಬ್ಬರ ಜತೆ ನಮ್ಮ ಮನೆಯವರು ಮಾತಾಡುವುದೇ ಇಲ್ಲ. ಒಪ್ಪಿಗೆ ಪತ್ರಕ್ಕೆ ಯಾರ ಸಹಿ ತರುವುದು? "ಮಾಲೀಕರು ಒಬ್ಬರೇ ಅಲ್ವಾ ಮೇಡಂ?" ಅಂತ ಏಜೆನ್ಸಿಯ ಹುಡುಗ ಫೋನಿನಲ್ಲಿ ಪದೇ ಪದೇ ಕೇಳುತ್ತಿದ್ದ. ಪಾಪ, ಅವನಿಗೆ ಐನ್‌ಮನೆ (ಕುಲದ ಮೂಲ ಮನೆ), ಜಮ್ಮಾ (ಇಡೀ ಕುಟುಂಬಕ್ಕೆ ಸೇರಿದ ಪರಂಪರೆಯ ಜಾಗ) ಎಲ್ಲ ಹೇಗೆ ಗೊತ್ತಾಗಬೇಕು.

ಕೊನೆಗೆ ಮನೆಯ ವಿಳಾಸ ಬಿಟ್ಟೆವು. ಪೇಟೆಯಲ್ಲಿ ಪುಡಿ ಮಾಡುವ ಮೆಷಿನ್ ಇಡಲು ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಅದರ ಮಾಲೀಕರು ಒಬ್ಬರೇ, ಕರೆಂಟ್ ಬಿಲ್ ಅವರ ಹೆಸರಲ್ಲೇ ಇತ್ತು. ಬಾಡಿಗೆ ಕರಾರಿನ ಜತೆ ಒಪ್ಪಿಗೆ ಪತ್ರಕ್ಕೂ ಅವತ್ತೇ ಸಹಿ ಹಾಕಿಕೊಟ್ಟರು. ಒಂದು ತಿಂಗಳ ತಲೆನೋವು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ನಿಮ್ಮದೂ ಜಮ್ಮಾ ಜಾಗವಾದರೆ ವಿಳಾಸದ ವಿಷಯವನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ.

ಅರ್ಜಿಗೆ ಬೇಕಾದ ಡಿಜಿಟಲ್ ಸಹಿಗೆ ವಿಡಿಯೊದಲ್ಲಿ ಮುಖ ತೋರಿಸಿ, ಪ್ಯಾನ್ ಕಾರ್ಡ್ ಹಿಡಿದು, ಹೆಸರು ಹೇಳಬೇಕು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಒಣಗಲು ಹಾಕಿದ ಕಾಫಿ ಹಣ್ಣಿನ ಪಕ್ಕ ನಿಂತು ಇಬ್ಬರೂ ವಿಡಿಯೊ ಮಾಡಿದೆವು. ಅಕ್ಕನದ್ದು ಮೂರನೇ ಸಲಕ್ಕೆ ಆಯಿತು. 2022ರ ಮಾರ್ಚ್‌ನಲ್ಲಿ ಎಲ್‌ಎಲ್‌ಪಿ ಪ್ರಮಾಣಪತ್ರ ಬಂತು. ನಮ್ಮ ಹೆಸರು ಇನ್ನು ನಮ್ಮದೇ ಅಂತ ನಾನು ನಂಬಿಬಿಟ್ಟೆ.

ನಾನು ಮಾಡಿದ ದೊಡ್ಡ ತಪ್ಪು ಅದು. ಕಂಪನಿಯಾಗಲಿ ಎಲ್‌ಎಲ್‌ಪಿಯಾಗಲಿ, ನೋಂದಣಿಯಾದರೆ ಆ ಹೆಸರಲ್ಲಿ ಇನ್ನೊಂದು ಸಂಸ್ಥೆ ನೋಂದಣಿ ಆಗುವುದಿಲ್ಲ. ಪ್ಯಾಕೆಟ್ ಮೇಲೆ ಹಾಕುವ ಹೆಸರಿನ ಮೇಲೆ ಅದರಿಂದ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ. ಅದಕ್ಕೆ ಬೇರೆ ಕಾಯ್ದೆ, ಬೇರೆ ಕಚೇರಿ, ಬೇರೆ ಅರ್ಜಿ. ಇದು ಗೊತ್ತಿಲ್ಲದೆ ನಾನು ಮೂರು ಸಾವಿರ ಹೊಸ ಪೌಚ್ ಅಚ್ಚು ಹಾಕಿಸಿದೆ. ಮುಂದೆ ದೊಡ್ಡದಾಗಿ ಕೂರ್ಗ್ ಅಂತ ಶುರುವಾಗುವ ಹೆಸರು. ಆ ಹೆಸರಿನ ಮೂಲೆಯಲ್ಲಿ ಅಚ್ಚಿನವರು ವೃತ್ತದೊಳಗಿನ ಆರ್ ಗುರುತನ್ನೂ ಹಾಕಿಕೊಟ್ಟಿದ್ದರು. ನೋಡಲು ಚೆಂದ ಕಂಡಿತು, ಒಪ್ಪಿಕೊಂಡೆ.

ಜೂನ್‌ನಲ್ಲಿ ನನ್ನ ತಮ್ಮ ಮೈಸೂರಿನಿಂದ ಬರುವಾಗ ಹೆದ್ದಾರಿಯ ಒಂದು ಅಂಗಡಿಯಿಂದ ಕಾಫಿ ಪುಡಿ ತಂದ. "ನಿಮ್ದೇ ಅಂತ ತಂದೆ" ಅಂದ. ಅದೇ ಹಸಿರು, ಅದೇ ಕೂರ್ಗ್, ಮುಂದಿನ ಪದದಲ್ಲಿ ಒಂದಕ್ಷರ ವ್ಯತ್ಯಾಸ. ಪ್ಯಾಕೆಟ್ ಒಡೆದು ಮೂಸಿದ ಅಕ್ಕ ಏನೂ ಹೇಳದೆ ಒಳಗೆ ಹೋದರು. ಚಿಕೋರಿಯ ವಾಸನೆಯೇ ಜಾಸ್ತಿ. ಚಿಕೋರಿ ಬೆರೆಸುವುದು ತಪ್ಪಲ್ಲ, ನಾವೂ ಬೆರೆಸುತ್ತೇವೆ. ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆಯಬೇಕು ಅಂತ ನಿಯಮ ಇದೆ. ಆ ಪ್ಯಾಕೆಟ್ ಮೇಲೆ ಅದು ಇರಲಿಲ್ಲ.

ಮಡಿಕೇರಿಯಲ್ಲಿ ನಮ್ಮ ಸ್ವಸಹಾಯ ಸಂಘಗಳಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಒಂದು ಅರಿವು ಕಾರ್ಯಕ್ರಮ ಆಗಿತ್ತು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ ಅಂತ ಅಲ್ಲೇ ಕೇಳಿದ್ದು. ಅಂದು ಮಾತಾಡಿದ ವಕೀಲರ ನಂಬರ್ ಬರೆದುಕೊಂಡಿದ್ದೆ. ಜುಲೈಯಲ್ಲಿ ಅವರನ್ನು ಹುಡುಕಿಕೊಂಡು ಹೋದೆವು. ಹೊರಗೆ ಮಡಿಕೇರಿಯ ಮಳೆ. ಚೀಲದ ಒಳಗೆ ಎಲ್ಲ ಕಾಗದವನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟುಕೊಂಡಿದ್ದೆವು. ನಮ್ಮ ಪೌಚ್, ಆ ಪೌಚ್ ಎರಡನ್ನೂ ಮೇಜಿನ ಮೇಲಿಟ್ಟೆ. ನೋಟಿಸ್ ಕಳಿಸಿ ಮೇಡಂ ಅಂದೆ.

ಅವರು ಲ್ಯಾಪ್‌ಟಾಪ್ ತಿರುಗಿಸಿ ಟ್ರೇಡ್‌ಮಾರ್ಕ್ ಹುಡುಕುವ ಸರ್ಕಾರಿ ಪುಟ ತೋರಿಸಿದರು. ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದಾದ ಪುಟ. ಟ್ರೇಡ್‌ಮಾರ್ಕ್‌ಗೆ ಮಾಲುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಕಾಫಿ, ಜೇನು, ಮೆಣಸು, ವಿನೆಗರ್ ಎಲ್ಲ 30ನೇ ವರ್ಗಕ್ಕೆ ಬರುತ್ತವೆ. ಆ ವರ್ಗದಲ್ಲಿ ಕೂರ್ಗ್ ಅಂತ ಹಾಕಿ ಹುಡುಕಿದರೆ ಪಟ್ಟಿ ಕೆಳಗೆ ಇಳಿಯುತ್ತಲೇ ಹೋಯಿತು.

"ನೋಡಿ, ಊರಿನ ಹೆಸರು ಊರಿನವರೆಲ್ಲರದ್ದು. ಕಾಫಿ ಅನ್ನೋದು ಮಾಲಿನ ಹೆಸರು. ಎರಡನ್ನೂ ಸೇರಿಸಿ ನಂದು ಅಂದ್ರೆ ಕಾನೂನು ಸುಲಭಕ್ಕೆ ಒಪ್ಪಲ್ಲ. ನೀವು ಅವರನ್ನ ತಡೆಯೋದು ಕಷ್ಟ" ಅಂದರು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅದನ್ನೇ ಹೇಳುತ್ತದಂತೆ. ಮಾಲಿನ ಗುಣವನ್ನೋ, ಅದು ಬರುವ ಊರನ್ನೋ ಮಾತ್ರ ಹೇಳುವ ಪದ ಒಬ್ಬರ ಗುರುತಾಗುವುದಿಲ್ಲ. ತುಂಬ ವರ್ಷ ಬಳಸಿ, ಆ ಪದ ಕೇಳಿದರೆ ಜನಕ್ಕೆ ಆ ಒಬ್ಬರೇ ನೆನಪಾಗುವಷ್ಟು ಹೆಸರಾಗಿದ್ದರೆ ಮಾತು ಬೇರೆ. ನಾವು ಅಷ್ಟು ದೊಡ್ಡವರಲ್ಲ.

ನನಗೆ ಅಳು ಬರುವ ಹಾಗಾಯಿತು. ಐದು ವರ್ಷದ ಹೆಸರು ಅಲ್ವಾ.

ಅವರು ನಮ್ಮ ಪೌಚನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಹಿಂದೆ, ತೂಕದ ಸಾಲಿನ ಮೇಲೆ, ಸಣ್ಣಕ್ಷರದಲ್ಲಿ ಒಂದು ಪದ ಇತ್ತು. ಬೆರಳಿಟ್ಟು "ಇದೇನು?" ಅಂತ ಕೇಳಿದರು.

ಅದು ನಮ್ಮ ಮನೆ ಕೆಳಗಿನ ಗದ್ದೆಯ ಹೆಸರು. ನಮ್ಮೆಜಮಾನರ ಅಜ್ಜಿ ಹಾಗೆ ಕರೆಯುತ್ತಿದ್ದರಂತೆ. ಮೊದಲ ವರ್ಷ ಕಂದು ಕಾಗದದ ಚೀಲಕ್ಕೆ ಲೇಬಲ್ ಬರೆದದ್ದು ಅಕ್ಕ. ಅವರು ಆ ಹೆಸರನ್ನು ಕೆಳಗೆ ಬರೆದಿದ್ದರು. ಆಮೇಲೆ ಎಷ್ಟು ಸಲ ಪ್ಯಾಕೆಟ್ ಬದಲಾದರೂ ಅದೊಂದು ಹಾಗೇ ಉಳಿದಿತ್ತು. ಹುಡುಕುವ ಪುಟದಲ್ಲಿ ಆ ಪದ ಹಾಕಿದರು. ಅದೇ ಹೆಸರು ಒಂದೂ ಇಲ್ಲ. ಹತ್ತಿರದ ಉಚ್ಚಾರಣೆಯದ್ದು ಒಂದು ಇತ್ತು, ಬಿಸ್ಕತ್ತಿಗೆ. "ಇದನ್ನ ಮುಂದೆ ತನ್ನಿ. ನಿಮ್ಮ ಹೆಸರು ಇದು" ಅಂದರು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾವು ತಯಾರಿರಲಿಲ್ಲ. "ಈ ಹೆಸರು ಯಾರದ್ದು ಅಂತ ಅರ್ಜಿ ಹಾಕ್ಲಿ?"

ಕಾಗದ ನೋಡಿದರೆ ಎಲ್ಲವೂ ನನ್ನದು. ನೋಂದಣಿ ನನ್ನದು, ಬಿಲ್ಲು ನನ್ನದು, ಖಾತೆ ನನ್ನದು. ಲೇಬಲ್ ಬರೆದದ್ದು ಅಕ್ಕ, ಹುರಿದದ್ದು ಅಕ್ಕ. 2017ರಿಂದ 2022ರ ಮಾರ್ಚ್‌ವರೆಗಿನ ಕಾಗದದಲ್ಲಿ ಅಕ್ಕ ಇಲ್ಲವೇ ಇಲ್ಲ. ವಕೀಲರು ಮೆತ್ತಗೆ ಕೇಳಿದರು: "ನಾಳೆ ನೀವಿಬ್ಬರೂ ಬೇರೆ ಆದ್ರೆ ಹೆಸರು ಯಾರಿಗೆ?" ಅಕ್ಕ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಮನೆ ಒಡೆಯುವ ಮಾತಿನ ಹಾಗೆ ಕೇಳಿಸಿತು. ಇಬ್ಬರೂ ಮಾತಾಡಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಮಾತಿಲ್ಲ. ಮನೆ ಗೇಟಿನ ಹತ್ತಿರ ಇಳಿದ ಮೇಲೆ ನಾನೇ ಹೇಳಿದೆ, "ಅಕ್ಕ, ಎಲ್‌ಎಲ್‌ಪಿ ಹೆಸರಲ್ಲೇ ಹಾಕೋಣ. ಅರ್ಧ ನಿಮ್ದು ಅರ್ಧ ನಂದು. ಬರ್ದೇ ಇಡೋಣ." ಅವರು "ಹೂಂ" ಅಂದರು. ಆಮೇಲೆ ಒಂದು ಕ್ಷಣ ಬಿಟ್ಟು, "ನಿಂಗೇನಾದ್ರೂ ಆದ್ರೆ ನಿನ್ ಮಕ್ಳಿಗೆ ಸಿಗೋ ಹಾಗೂ ಬರಿ" ಅಂದರು.

ವಕೀಲರು ಅದನ್ನೆಲ್ಲ ಕಾಗದಕ್ಕೆ ಇಳಿಸಿದರು. ನಾನು ಅಲ್ಲಿಯ ತನಕ ಬಳಸಿದ ಹೆಸರನ್ನು, ಅದರಿಂದ ಗಳಿಸಿದ ಒಳ್ಳೆಯ ಹೆಸರಿನ ಸಮೇತ, ಎಲ್‌ಎಲ್‌ಪಿಗೆ ಬರೆದುಕೊಟ್ಟೆ. ನೋಂದಣಿ ಆಗದ ಟ್ರೇಡ್‌ಮಾರ್ಕನ್ನೂ ಹೀಗೆ ಬರೆದುಕೊಡಬಹುದು. ಬರೆದುಕೊಟ್ಟರೆ 2017ರಿಂದ ಬಳಸಿದ್ದು ಎಲ್‌ಎಲ್‌ಪಿಯ ಲೆಕ್ಕಕ್ಕೂ ಬರುತ್ತದೆ. ಮೊದಲಿನಿಂದ ಬಳಸುತ್ತಾ ಬಂದವರಿಗೆ ಕಾನೂನಿನಲ್ಲಿ ಬೆಲೆ ಇದೆ.

ಇದೇ ಸಮಯದಲ್ಲಿ ಏಜೆನ್ಸಿಯ ಕೆಲಸ ಹೊರಬಿತ್ತು. ಎಲ್‌ಎಲ್‌ಪಿ ಆದ 30 ದಿನದೊಳಗೆ ಪಾಲುದಾರರ ಒಪ್ಪಂದವನ್ನು ಫಾರಂ 3ರಲ್ಲಿ ಸಲ್ಲಿಸಬೇಕು. ಅದು ಸಲ್ಲಿಕೆಯೇ ಆಗಿರಲಿಲ್ಲ. ನಮ್ಮಿಂದ ಸಹಿ ಹಾಕಿಸಿಕೊಂಡ ಒಪ್ಪಂದ ಬೇರೆ ಯಾರದ್ದೋ ನಕಲು. ಉದ್ದೇಶ ಬರೆಯುವ ಕಡೆ ಕಾಫಿ ಅನ್ನುವ ಪದವೇ ಇಲ್ಲ. ಪಾಲುದಾರರ ಸಂಬಳದ ಬಗ್ಗೆ ಒಂದು ಸಾಲಿಲ್ಲ. ಒಬ್ಬರು ಬಿಟ್ಟುಹೋದರೆ ಏನು, ತೀರಿಕೊಂಡರೆ ಏನು, ಬ್ರಾಂಡ್ ಯಾರದ್ದು, ಯಾವುದೂ ಇಲ್ಲ. ನಾನು ಓದದೆ ಸಹಿ ಹಾಕಿದ್ದೆ. ತಡ ಮಾಡಿದ್ದಕ್ಕೆ ಜಾಸ್ತಿ ಶುಲ್ಕ ಕಟ್ಟಿ, ಹೊಸ ಒಪ್ಪಂದ ಬರೆಸಿ ಸಲ್ಲಿಸಿದೆವು. ಏಜೆನ್ಸಿಯಲ್ಲಿ ಉಳಿಸಿದ್ದೇವೆ ಅಂದುಕೊಂಡ ದುಡ್ಡು ಅಲ್ಲಿಗೆ ಹೋಯಿತು. ಹೊಸ ಒಪ್ಪಂದವನ್ನು ಅಕ್ಕನಿಗೆ ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದ ಮೇಲೆಯೇ ವಕೀಲರು ಸಹಿ ತೆಗೆದುಕೊಂಡರು. ಸಲಹೆ ಅಂದರೆ ಹಾಗಿರಬೇಕು. ಅದಕ್ಕೆ ದುಡ್ಡು ಕೊಡಲು ನನಗೆ ಬೇಜಾರಿಲ್ಲ.

ಪೌಚ್ ಮೇಲಿನ ಆರ್ ಗುರುತಿನ ಬಗ್ಗೆ ಅವರು ಗಟ್ಟಿಯಾಗಿಯೇ ಹೇಳಿದರು. ನೋಂದಣಿ ಆಗದ ಹೆಸರಿಗೆ ಆ ಗುರುತು ಹಾಕುವುದನ್ನು ಕಾನೂನು ಒಪ್ಪುವುದಿಲ್ಲ. ಟಿಎಂ ಅಂತ ಹಾಕಬಹುದು, ಅದಕ್ಕೆ ನೋಂದಣಿ ಬೇಕಿಲ್ಲ. ಮೂರು ಸಾವಿರ ಪೌಚ್ ಎಸೆಯುವ ಶಕ್ತಿ ನಮಗಿರಲಿಲ್ಲ. ಸಣ್ಣ ಸ್ಟಿಕ್ಕರ್ ಮಾಡಿಸಿದೆವು. ಆ ಜುಲೈ, ಆಗಸ್ಟ್ ರಾತ್ರಿಗಳಲ್ಲಿ ಊಟ ಆದ ಮೇಲೆ ಮೇಜಿನ ಸುತ್ತ ಅತ್ತೆ, ಅಕ್ಕ, ನಾನು, ಮಕ್ಕಳು ಕೂತು ಒಂದೊಂದೇ ಪೌಚಿಗೆ ಸ್ಟಿಕ್ಕರ್ ಅಂಟಿಸಿದೆವು. ಮಳೆಯ ಥಂಡಿಗೆ ಸ್ಟಿಕ್ಕರಿನ ಅಂಟು ಹಿಡಿಯುತ್ತಿರಲಿಲ್ಲ. ಅತ್ತೆ ಒಲೆಯ ಹತ್ತಿರ ಪೌಚುಗಳನ್ನು ಹರಡಿ ಬೆಚ್ಚಗೆ ಮಾಡಿ ಕೊಡುತ್ತಿದ್ದರು. ಕರೆಂಟ್ ಹೋದರೆ ಮೊಬೈಲ್ ಬೆಳಕು. ಹತ್ತು ಹನ್ನೆರಡು ರಾತ್ರಿ ಹಿಡಿಯಿತು.

ಇನ್ನು ಲೋಗೊ. ಗದ್ದೆಯ ಅಂಚು, ಒಂದು ಕಾಫಿ ಗಿಡ, ಹಿಂದೆ ಬೆಟ್ಟ. ಅದನ್ನು ಬರೆದುಕೊಟ್ಟದ್ದು ವಿರಾಜಪೇಟೆಯ ಒಬ್ಬ ಹುಡುಗ. ದುಡ್ಡು ಕೊಟ್ಟಿದ್ದೆವು, ಹಾಗಾಗಿ ಚಿತ್ರ ನಮ್ಮದು ಅಂತ ನನ್ನ ಲೆಕ್ಕ. ಹಾಗಲ್ಲವಂತೆ. ನಮ್ಮಲ್ಲಿ ಸಂಬಳಕ್ಕೆ ಇರುವವರು ಕೆಲಸದ ಭಾಗವಾಗಿ ಬರೆದರೆ ಅದು ನಮ್ಮದು. ಹೊರಗಿನ ಕಲಾವಿದರು ಬರೆದುಕೊಟ್ಟ ಲೋಗೊದ ಕೃತಿಸ್ವಾಮ್ಯ, ಅವರು ಸಹಿ ಮಾಡಿ ಬರೆದುಕೊಡುವ ತನಕ, ಸಾಮಾನ್ಯವಾಗಿ ಅವರ ಹತ್ತಿರವೇ ಉಳಿಯುತ್ತದೆ. ಬರೆದುಕೊಡುವಾಗ ಎಷ್ಟು ಕಾಲಕ್ಕೆ ಅಂತ ಹೇಳದೇ ಇದ್ದರೆ ಅದು ಐದೇ ವರ್ಷಕ್ಕೆ ಅಂತ ಕಾನೂನು ತಿಳಿಯುತ್ತದೆ. ಎಲ್ಲೆಲ್ಲಿಗೆ ಅಂತ ಹೇಳದೇ ಇದ್ದರೆ ಭಾರತಕ್ಕೆ ಮಾತ್ರ. ಈ ಐದು ವರ್ಷದ ವಿಷಯ ಕೇಳಿ ನನಗೆ ಗಾಬರಿಯಾಯಿತು. ನಮ್ಮ ಜಿಲ್ಲೆಯಲ್ಲಿ ವಾಟ್ಸಾಪ್‌ನಲ್ಲಿ ಲೋಗೊ ತರಿಸಿಕೊಂಡು ಬಳಸುತ್ತಿರುವವರು ಎಷ್ಟು ಜನ!

ಆ ಹುಡುಗನ ಮನೆಗೆ ಹೋದೆವು. ಕೊಡುವುದಿಲ್ಲ ಅಂದರೆ ಏನು ಮಾಡುವುದು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಕಾಗದ ಪೂರ್ತಿ ಓದಿದ. "ಅಕ್ಕ, ಇದು ನಾನು ಬರೆದದ್ದು ಅಂತ ನನ್ನ ಕೆಲಸಗಳ ಜತೆ ತೋರಿಸ್ಬಹುದಾ?" ಅಂತಷ್ಟೇ ಕೇಳಿದ. ಅದು ನ್ಯಾಯವಾದ ಮಾತು. ಹಾಗೆಂದು ಒಂದು ಸಾಲು ಸೇರಿಸಿ ಸಹಿ ಆಯಿತು. ಮೇಲೆ ಇನ್ನಷ್ಟು ದುಡ್ಡು ಕೊಟ್ಟೆವು. ಮೊದಲು ಕೊಟ್ಟದ್ದು ಕಡಿಮೆಯೇ ಆಗಿತ್ತು.

ಅಕ್ಕನ ಹುರಿಯುವ ಹದಕ್ಕೂ ಏನಾದರೂ ನೋಂದಣಿ ಇದೆಯಾ ಅಂತ ಕೇಳಿದ್ದೆ. ಇಲ್ಲ. ವ್ಯಾಪಾರದ ಗುಟ್ಟಿಗೆ ಅಂತಲೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಗುಟ್ಟನ್ನು ಗುಟ್ಟಾಗಿ ಇಡುವುದು, ಗೊತ್ತಿರುವವರ ಜತೆ ಕರಾರು ಮಾಡಿಕೊಳ್ಳುವುದು, ಅಷ್ಟೇ. ಹುರಿಯಲು ಸಹಾಯಕ್ಕೆ ಬರುವ ಹುಡುಗಿಯ ಜತೆ ಒಂದು ಪುಟದ ಕರಾರು ಮಾಡಿಕೊಂಡೆವು, ಅವಳಿಗೆ ಓದಿ ಹೇಳಿ.

ಆಗಸ್ಟ್‌ನಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹೋಯಿತು. ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 9,000 ರೂಪಾಯಿ ಶುಲ್ಕ. ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ ಅರ್ಧ, ಅಂದರೆ 4,500. ಸಣ್ಣ ಉದ್ಯಮ ಅನ್ನುವುದಕ್ಕೆ ಉದ್ಯಮ್ ನೋಂದಣಿ ತೋರಿಸಬೇಕು. ಅದು ನನ್ನ ಹತ್ತಿರ ಇತ್ತು, ಆದರೆ ನನ್ನ ಹೆಸರಲ್ಲಿ. ಎಲ್‌ಎಲ್‌ಪಿ ಹೆಸರಲ್ಲಿ ಹೊಸದು ಮಾಡಿಸಬೇಕಾಯಿತು. ಉದ್ಯಮ್‌ಗೆ ಸರ್ಕಾರ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಹಿಂದೆ ನನ್ನದನ್ನು ಮಾಡಿಸುವಾಗ ಯಾರಿಗೋ ದುಡ್ಡು ಕೊಟ್ಟಿದ್ದೆ. ಕಾಫಿ, ಜೇನು, ಮೆಣಸು, ಕಾಚಂಪುಳಿ ಎಲ್ಲ ಒಂದೇ 30ನೇ ವರ್ಗದಲ್ಲಿ ಮುಗಿಯಿತು. ಮುಂದೆ ಕೆಫೆ ತೆರೆಯುವ ಯೋಚನೆ ಬಂದರೆ ಅದು 43, ಅದಕ್ಕೆ ಬೇರೆ ಶುಲ್ಕ.

ಹೆಸರನ್ನು ಕನ್ನಡ ಅಕ್ಷರದಲ್ಲಿ ಹಾಕಿದ್ದರಿಂದ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಕೊಡಬೇಕಿತ್ತು. ಅತ್ತೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿ, "ಅರ್ಥ ಏನ್ ಬಂತು ಮಗಾ, ಅದು ಗದ್ದೆ ಹೆಸ್ರು" ಅಂದರು. ಮನೆಯಲ್ಲಿ ಬಳಸುವ ಗದ್ದೆಯ ಹೆಸರು, ಬೇರೆ ಅರ್ಥ ಇಲ್ಲ ಅಂತಲೇ ಬರೆದರು. ಹಾಗೆ ಅರ್ಥ ಇಲ್ಲದ್ದೇ ಒಳ್ಳೆಯದು ಅಂತ ವಕೀಲರು ಖುಷಿಪಟ್ಟರು. ಮಾಲಿನ ಬಗ್ಗೆ ಏನೂ ಹೇಳದ ಪದಕ್ಕೆ ಕಾನೂನಿನಲ್ಲಿ ಬಲ ಜಾಸ್ತಿ.

2017ರಿಂದ ಬಳಸುತ್ತಿದ್ದೇವೆ ಅಂತ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಕೊಡಬೇಕು, ಜತೆಗೆ ಸಾಕ್ಷಿ. ಹಳೆಯ ಬಿಲ್ ಪುಸ್ತಕ ಹುಡುಕಿದೆ. 2018ರ ಆಗಸ್ಟ್ ಕೊಡಗಿನವರು ಯಾರೂ ಮರೆಯುವ ಹಾಗಿಲ್ಲ. ಆ ಮಳೆಯಲ್ಲಿ ನಮ್ಮ ಮನೆ ಉಳಿಯಿತು, ಆದರೆ ಹಿಂದಿನ ಕೋಣೆಗೆ ನೀರು ನುಗ್ಗಿತ್ತು. ಮೊದಲ ಬಿಲ್ ಪುಸ್ತಕ ಒದ್ದೆಯಾಗಿ, ಒಣಗಿ, ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಕ ಹಬೆ ಹಿಡಿದು ಒಂದೊಂದೇ ಹಾಳೆ ಬಿಡಿಸಿದರು. ಹನ್ನೊಂದು ಹಾಳೆ ಓದುವ ಹಾಗೆ ಸಿಕ್ಕಿತು. ಶಾಯಿ ನೀಲಿಯಾಗಿ ಹರಡಿತ್ತು, ಆದರೂ ದಿನಾಂಕ ಕಾಣುತ್ತಿತ್ತು. ಅದರ ಮೇಲೆ ನನ್ನ ಕೈಬರಹದಲ್ಲಿ ಗದ್ದೆಯ ಹೆಸರು. ಜತೆಗೆ 2017ರ ಎಫ್‌ಎಸ್‌ಎಸ್‌ಎಐ ಪತ್ರ, ಒಂದು ಹೋಂಸ್ಟೇಯವರು ಇಟ್ಟುಕೊಂಡಿದ್ದ ಹಳೆಯ ಪ್ಯಾಕೆಟ್ಟಿನ ಫೋಟೊ. ಇವತ್ತು ನಾನು ಪ್ರತಿ ಬಿಲ್ಲಿನ ಫೋಟೊ ತೆಗೆದಿಡುತ್ತೇನೆ.

ಕರ್ನಾಟಕದ ಅರ್ಜಿಗಳನ್ನು ಚೆನ್ನೈ ಕಚೇರಿ ನೋಡುತ್ತದೆ. ಸ್ವಲ್ಪ ದಿನಕ್ಕೆ ಆಕ್ಷೇಪಣೆ ಬಂತು. ಆ ಬಿಸ್ಕತ್ತಿನ ಹೆಸರಿಗೆ ನಮ್ಮದು ಹತ್ತಿರ ಇದೆ ಅಂತ. 30 ದಿನದಲ್ಲಿ ಉತ್ತರ ಕೊಡಬೇಕು. ಪುಟದಲ್ಲಿ ಆಬ್ಜೆಕ್ಟೆಡ್ ಅಂತ ಕಂಡಾಗ ನನ್ನ ಕೈಕಾಲು ತಣ್ಣಗಾಯಿತು. ಅದು ಕಚೇರಿಯೇ ಎತ್ತುವ ಪ್ರಶ್ನೆ, ತುಂಬ ಅರ್ಜಿಗಳಿಗೆ ಬರುತ್ತದೆ ಅಂತ ವಕೀಲರು ಸಮಾಧಾನ ಹೇಳಿದರು. ಅಪೋಸ್ಡ್ ಅಂತ ಬಂದರೆ ಬೇರೆ ಯಾರೋ ವಿರೋಧ ಮಾಡಿದ್ದಾರೆ ಅಂತ ಅರ್ಥ. ಅದು ದೊಡ್ಡ ವಿಷಯ. ಅದೇ ವಾರ ಗುರುತಿಲ್ಲದ ಮೂರು ನಂಬರಿಂದ ಫೋನ್ ಬಂತು. ನಿಮ್ಮ ಅರ್ಜಿ ತಿರಸ್ಕಾರ ಆಗುತ್ತೆ, ಇವತ್ತೇ ಇಷ್ಟು ಕಟ್ಟಿ ಅಂತ. ಅರ್ಜಿಯ ವಿವರ ಎಲ್ಲರಿಗೂ ಕಾಣುವ ಪುಟದಲ್ಲೇ ಇರುತ್ತದೆ, ಅದನ್ನು ನೋಡಿ ಹೆದರಿಸುವವರು ಇದ್ದಾರೆ. ಕಟ್ಟಬೇಡಿ.

2023ರಲ್ಲಿ ವಿಡಿಯೊದಲ್ಲಿ ವಿಚಾರಣೆ ನಡೆಯಿತು. ವಕೀಲರು ಹನ್ನೊಂದು ಹಾಳೆಯನ್ನೂ ತೋರಿಸಿದರು. ಹತ್ತು ನಿಮಿಷವೂ ಆಗಲಿಲ್ಲ. ಒಪ್ಪಿಗೆಯಾಗಿ ನವೆಂಬರ್‌ನಲ್ಲಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಹಾಕಬಹುದು. ಆ ನಾಲ್ಕು ತಿಂಗಳು ಕಾಫಿ ಕೊಯ್ಲು, ಪುರುಸೊತ್ತಿಲ್ಲದ ಕೆಲಸ, ಹಾಗಾಗಿ ಬೇಗ ಕಳೆಯಿತು. ಮಾರ್ಚ್‌ನಲ್ಲಿ ಹೂಮಳೆ ಬಿತ್ತು. ಯಾರೂ ವಿರೋಧ ಹಾಕಲಿಲ್ಲ.

ಈ ನಡುವೆ ಇನ್ನೊಂದು ಆಸೆ ಹುಟ್ಟಿತ್ತು. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಕಾಫಿ ಮಂಡಳಿ ಮಾಡಿಸಿದ್ದು. ಕೊಡಗಿನ ಕಿತ್ತಳೆಗೆ, ಏಲಕ್ಕಿಗೆ ಅದಕ್ಕೂ ಮೊದಲೇ ಸಿಕ್ಕಿದೆ. ಜಿಐ ಅಂದರೆ ಊರಿನ ಹೆಸರನ್ನು ಆ ಊರಿನ ಬೆಳೆಗಾರರೆಲ್ಲರ ಪರವಾಗಿ ಕಾಯುವುದು, ಒಬ್ಬರಿಗೆ ಕೊಡುವುದಲ್ಲ. ಬೆಳೆಯುವವರು, ಅದನ್ನೇ ಸಂಸ್ಕರಿಸಿ ಪ್ಯಾಕ್ ಮಾಡುವವರು ಅಧಿಕೃತ ಬಳಕೆದಾರರಾಗಿ ಅರ್ಜಿ ಹಾಕಬಹುದು. ಆದರೆ ನಮ್ಮ ಪುಡಿಯಲ್ಲಿ ಹೆಚ್ಚು ಇರುವುದು ರೋಬಸ್ಟಾ, ಜತೆಗೆ ಚಿಕೋರಿ. ಆ ಪ್ಯಾಕೆಟ್ಟಿಗೆ ಜಿಐ ಗುರುತು ಹಾಕುವ ಹಾಗಿಲ್ಲ, ಹಾಕಬಾರದು ಕೂಡ. ಬರೀ ಅರೇಬಿಕಾದ ಒಂದು ಪ್ಯಾಕೆಟ್ ಮಾಡಬೇಕು ಅಂತ ಅಕ್ಕ ಈಗ ಬೇರೆ ಹದ ನೋಡುತ್ತಿದ್ದಾರೆ. ಅದು ಒಪ್ಪಿಗೆಯಾದ ಮೇಲೆ ಅರ್ಜಿ ಹಾಕುತ್ತೇವೆ.

ಹೆದ್ದಾರಿ ಅಂಗಡಿಯ ಪ್ಯಾಕೆಟ್ ಇನ್ನೂ ಇದೆ. ಕೂರ್ಗ್ ಅಂತಲೇ ಇದೆ. ನಮ್ಮ ಗಿರಾಕಿಗಳು ಈಗ ಗದ್ದೆಯ ಹೆಸರು ಹೇಳಿ ಕೇಳುತ್ತಾರೆ, ಅದಕ್ಕೆ ಎರಡು ವರ್ಷ ಬೇಕಾಯಿತು. ವರ್ಷಕ್ಕೆ ಎರಡು ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ. ಮೇ 30, ಎಲ್‌ಎಲ್‌ಪಿ ವಾರ್ಷಿಕ ವಿವರದ ಫಾರಂ 11. ಅಕ್ಟೋಬರ್ 30, ಲೆಕ್ಕದ ಫಾರಂ 8. ವ್ಯಾಪಾರ ಆಗದ ವರ್ಷದಲ್ಲೂ ಕೊಡಬೇಕು, ತಡವಾದರೆ ಶುಲ್ಕ ಬೆಳೆಯುತ್ತಲೇ ಹೋಗುತ್ತದೆ.

2024ರ ಏಪ್ರಿಲ್‌ನಲ್ಲಿ ಟ್ರೇಡ್‌ಮಾರ್ಕ್ ಪ್ರಮಾಣಪತ್ರ ಇಮೇಲ್‌ನಲ್ಲಿ ಬಂತು. ಅರ್ಜಿಯ ದಿನದಿಂದ ಹತ್ತು ವರ್ಷಕ್ಕೆ, ಆಮೇಲೆ ನವೀಕರಣ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರತಿ ತೆಗೆಸಿಕೊಂಡು ಮೆಷಿನ್ ಕೋಣೆಗೆ ಹೋದೆ. ಅಕ್ಕ ಹುರಿಯುವ ಕೆಲಸದಲ್ಲಿದ್ದರು, ಕೈ ಬಿಡುವ ಹಾಗಿರಲಿಲ್ಲ. ಕಾಗದವನ್ನು ಅವರ ಕಣ್ಣೆದುರು ಹಿಡಿದೆ. ಅವರು ಹೆಸರನ್ನು ಒಂದು ಸಲ ಗಟ್ಟಿಯಾಗಿ ಓದಿದರು. "ಅತ್ತೆಗೆ ಮೊದ್ಲು ತೋರ್ಸು" ಅಂದು ಮತ್ತೆ ಬೀಜದ ಕಡೆ ತಿರುಗಿದರು.